ಸೊನ್ನೆಯನ್ನು ಹೊರಗೆ ಹಾಕಿದ ಯು ಅವರಿಗೆ

ಮಾನ್ಯ ಯು ಅವರೇ,

ಬೆಟಗೇರಿಯ ಟೈಪಿಂಗ್ ಅಂಗಡಿಯೊಂದರ ಮುರುಕು ಕುರ್ಚಿಯಿಂದ, ಹತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟ ಯಮನೂರಪ್ಪನ ಸಾಷ್ಟಾಂಗ ನಮಸ್ಕಾರಗಳು. ಈ ಕುರ್ಚಿ ಇಂದು ಸಂಜೆಯವರೆಗೆ ಮಾತ್ರ ನನ್ನದಾಗಿರುವುದರಿಂದ ಬೇಗ ಬರೆದು ಮುಗಿಸುತ್ತೇನೆ.

ಕೋಚಿಂಗ್ ಕ್ಲಾಸಿನ ಮೌನೇಶ ಸರ್ ಅವರ ನೋಟ್ಸ್ ಟೈಪ್ ಮಾಡುವಾಗ ತಮ್ಮ ಪರಿಚಯವಾಯಿತು. ವೈ ಎಂಬ ಅಕ್ಷರ ಎಷ್ಟು ಬೇಗ ಬದಲಾಗುತ್ತದೆಂದು ಹೇಳುವ ಹನ್ನೆರಡನೇ ಪುಟದ ಸಮೀಕರಣದಲ್ಲಿ ಆ ವೈ ಎಂಬಾತ ತನ್ನನ್ನು ತಾನೇ ಗುಣಿಸಿಕೊಂಡು, ಯಾರಿಗೂ ಬಗ್ಗದೆ ಡೊಂಕಾಗಿ ಕುಳಿತಿದ್ದ. ಸರ್ ಇಡೀ ಸಮೀಕರಣವನ್ನು ವೈ ವರ್ಗದಿಂದ ಭಾಗಿಸಿ, ‘ವೈಯಿಂದ ಭಾಗಿಸಿದ ಒಂದನ್ನು ಯು ಎನ್ನೋಣ’ ಎಂದು ತಮ್ಮನ್ನು ಕರೆತಂದ ಕೂಡಲೇ ಎಲ್ಲವೂ ನೆಟ್ಟಗಾಯಿತು. ಹೆಸರು ಬದಲಿಸಿದರೆ ಡೊಂಕು ಹೋಗುತ್ತದೆಂದು ತೋರಿಸಿದ ತಮಗೆ ನಮೋ ನಮಃ. ಬಿಡುವಾದಾಗ ಬೆಳ್ಳಟ್ಟಿ ರಸ್ತೆಯನ್ನೂ ನಮ್ಮ ಸೋದರತ್ತೆ ದೇವವ್ವನ ಸ್ವಭಾವವನ್ನೂ ಹೀಗೆಯೇ ನೆಟ್ಟಗೆ ಮಾಡಿಕೊಡಬೇಕು. ಅತ್ತೆಯನ್ನು ಭಾಗಿಸುವ ದಿನ ಮೊದಲೇ ತಿಳಿಸಿರಿ, ನಾನು ಮುಂಡರಗಿಗೆ ಹೋಗಿರುತ್ತೇನೆ.

ಆದರೆ ಒಂದು ದೂರಿದೆ. ಶಾಲೆಯಲ್ಲಿ ನನಗೆ ಸದಾ ಬೀಳುತ್ತಿದ್ದುದು ಸೊನ್ನೆಯಾದ್ದರಿಂದ, ಯಾವ ಲೆಕ್ಕ ಕಂಡರೂ ಮೊದಲು ಸೊನ್ನೆ ಹಾಕಿ ನೋಡುವುದು ನನ್ನ ಚಟ. ವೈ ಇದ್ದಲ್ಲೆಲ್ಲ ಸೊನ್ನೆ ಹಾಕಿದೆ. ಸೊನ್ನೆ ಬದಲಾಗುವುದೇ ಇಲ್ಲವಾದ್ದರಿಂದ ಅದರ ಬದಲಾವಣೆಯೂ ಸೊನ್ನೆ, ಎಡಕ್ಕೂ ಸೊನ್ನೆ, ಬಲಕ್ಕೂ ಸೊನ್ನೆ, ತಕರಾರಿಲ್ಲದೆ ಸರಿಹೊಂದಿತು. ಅಂದರೆ ಸೊನ್ನೆಯೂ ಒಂದು ಉತ್ತರ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲವೆಂದು, ತಾವು ಒಳಗೆ ಬರುವಾಗ ಅದನ್ನು ಹೊಸ್ತಿಲಾಚೆ ತಳ್ಳಿ ಬಂದಿದ್ದೀರಿ. ನಾನು ‘ವೈ ಸೊನ್ನೆಯಾದರೂ ಸರಿ’ ಎಂದು ಒಂದು ಸಾಲು ಸೇರಿಸಿದೆ.

ಇನ್ನೂರು ಪ್ರತಿ ಅಚ್ಚಾದ ಮೇಲೆ ಸರ್ ಅದನ್ನು ಓದಿ, ಅಂಗಡಿಯ ಮಾಲಕಿ ವನಿತಾ ಅಕ್ಕನ ಎದುರೇ ಕೇಳಿದರು: “ಸಾಲಿ ಬಿಟ್ಟಾಂವಗ ಸೊನ್ನಿ ಬಿಟ್ಟು ಬ್ಯಾರೆ ಏನ್ ಕಾಣತೈತಲೇ?” ಒಮ್ಮೆ ಹಾಕಿ ನೋಡಿರೆಂದು ಬೇಡಿಕೊಂಡೆ, ನೋಡಲಿಲ್ಲ. ಇದು ಟೈಪಿಂಗ್ ತಪ್ಪೆಂದು ಚೀಟಿ ಅಚ್ಚು ಮಾಡಿ ಇನ್ನೂರು ಪ್ರತಿಗೂ ಅಂಟಿಸಬೇಕು, ಇಲ್ಲವಾದರೆ ನಾನು ನಾಳೆಯಿಂದ ಅಂಗಡಿಗೆ ಬರಬಾರದೆಂದು ಸರ್ ತೀರ್ಪು ಕೊಟ್ಟರು, ದೊಡ್ಡ ಗಿರಾಕಿಯ ಮಾತೆಂದು ಅಕ್ಕ ಒಪ್ಪಿಕೊಂಡರು. ಅಕ್ಕ ಮೆಲ್ಲಗೆ, “ತಪ್ಪಾತು ಅಂದ್ಬಿಡೋ ಯಮನೂರಿ, ಒಂದ್ ಸೊನ್ನಿ ಸಲುವಾಗಿ ಕೆಲಸ ಯಾಕ ಕಳ್ಕೋತಿ?” ಎಂದರು. ಸರಿಯಾದದ್ದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆದಕಾರಣ ತಾವೇ ಖುದ್ದಾಗಿ ಬಂದು ಸಾಕ್ಷಿ ಹೇಳಬೇಕಾಗಿ ಪ್ರಾರ್ಥನೆ. ಗದಗ ನಿಲ್ದಾಣದಲ್ಲಿ ಇಳಿದರೆ ಆಟೋ ಖರ್ಚು ನನ್ನದು.

ಸೊನ್ನೆಯ ಪರವಾಗಿ, ತಮ್ಮ ವಿಶ್ವಾಸಿ,
ಯಮನೂರಪ್ಪ

ತಾ.ಕ.: ತಾವು ಬರಲಿಲ್ಲ. ಇನ್ನೂರು ಚೀಟಿಯನ್ನೂ ಅಂಟಿಸಿ ಮುಗಿಸಿದೆ: ‘ಪುಟ ಹನ್ನೆರಡು: ಸೊನ್ನೆಯೂ ಉತ್ತರವೇ. ಟೈಪಿಂಗ್ ತಪ್ಪಲ್ಲ.’ ನಾಳೆಯಿಂದ ನಾನು ಬಿಡುವಾಗಿದ್ದೇನೆ. ನೋಟ್ಸಿನ ಕೊನೆಯ ಸಾಲನ್ನು ತಾವು ಓದಿದ್ದೀರೋ ಇಲ್ಲವೋ. ಲೆಕ್ಕ ಮುಗಿದೊಡನೆ ತಮ್ಮನ್ನೂ ತೆಗೆದು ಅದೇ ಡೊಂಕು ವೈಯನ್ನು ಮತ್ತೆ ಕೂರಿಸುತ್ತಾರೆ. ಆಗ ಬನ್ನಿ, ಇಬ್ಬರೂ ಕೂಡಿ ಕೆಲಸ ಹುಡುಕೋಣ.