ಅತ್ತೆ ಮತ್ತು ರೊಟ್ಟಿ ಟೆಂಡರು

ಕೊತ್ತಂಬರಿ ಸೊಪ್ಪಿಗೆ ಟೆಂಡರ್ ಕರೆಯುವ ಹೆಂಗಸನ್ನು ನೀವು ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಇಡೀ ಹುಬ್ಬಳ್ಳಿ-ಧಾರವಾಡಕ್ಕೆ ಅಂಥವಳು ಒಬ್ಬಳೇ. ಅವಳು ನಮ್ಮಪ್ಪನ ಅಕ್ಕ, ನನ್ನ ಸೋದರತ್ತೆ. ಇನ್ನೊಬ್ಬಳು ಇದ್ದಿದ್ದರೆ ಈ ಅವಳಿನಗರ ಎಂದೋ ಜಗಳಾಡಿ ಬೇರೆಯಾಗುತ್ತಿತ್ತು!

ಕೇಶ್ವಾಪುರದ ಅವಳ ಮನೆಯ ಮುಂದೆ ಬೆಳಿಗ್ಗೆ ಮೂರು ತರಕಾರಿ ಗಾಡಿಗಳು ಬರುತ್ತವೆ. ಮೂವರೂ ಒಬ್ಬೊಬ್ಬರಾಗಿ ಬಂದು ಅತ್ತೆಯ ಕಿವಿಯಲ್ಲಿ ದರ ಹೇಳಬೇಕು. ಒಬ್ಬರದು ಇನ್ನೊಬ್ಬರಿಗೆ ಕೇಳಬಾರದು. ಕಡಿಮೆ ಹೇಳಿದವರಿಗೆ ವ್ಯಾಪಾರ. ಒಮ್ಮೆ ಗಾಡಿಯ ಮುದುಕಿಯೊಬ್ಬಳು ಈ ಪಿಸುಮಾತಿನ ಕಾಟಕ್ಕೆ ಬೇಸತ್ತು, ಓಣಿಗೆಲ್ಲ ಕೇಳುವಂತೆ "ಹತ್ತ ರೂಪಾಯಿ!" ಎಂದು ಕೂಗಿಬಿಟ್ಟಳು.

"ದರ ಬಯಲ ಮಾಡಿದಿ. ಇವತ್ತಿನ ಟೆಂಡರ್ ಎಲ್ಲಾ ರದ್ದು!" ಎಂದಳು ಅತ್ತೆ.

"ರದ್ದರ ಮಾಡ್ರಿ, ಗುದ್ದರ ಕೊಡ್ರಿ. ಕೊತ್ತಂಬ್ರಿ ಬೇಕೋ ಬ್ಯಾಡೋ?"

ಅಂದು ನಾವು ಕೊತ್ತಂಬರಿ ಇಲ್ಲದ ಸಾರು ಉಂಡೆವು.

ಇದಾದರೂ ಹೋಗಲಿ. ನನ್ನ ತಂಗಿಯನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಇದೇ ಉಪಚಾರ! ವರನ ತಂದೆ ಮಗನ ಪಗಾರದ ಸುದ್ದಿ ತೆಗೆದದ್ದೇ ತಡ, ಅತ್ತೆ ಕೈ ಅಡ್ಡ ಹಿಡಿದಳು.

"ತಡೀರಿ ಬೀಗ್ರ. ರೊಕ್ಕದ್ದು ಎರಡನೇ ಲಕೋಟಿ. ಮೊದಲನೇದರಾಗ ಪಾಸಾದ್ರಷ್ಟ ಅದನ್ನ ಒಡಿಯೋದು. ಮೊದಲ ಗುಣ ಹೇಳ್ರಿ. ಸಿಟ್ಟ ಬಂದಾಗ ಹುಡುಗ ತಾಟ ಎತ್ತಿ ಒಗಿತಾನೇನ್ರಿ?"

ವರನ ತಾಯಿ ಪಾಪ, ಸತ್ಯವಂತೆ. "ಒಗಿತಾನ್ರಿ" ಎಂದುಬಿಟ್ಟಳು.

ಎರಡನೇ ಲಕೋಟೆ ಒಡೆಯಲಿಲ್ಲ. ಬೇಕಾದರೆ ಅಪೀಲು ಹಾಕಿಕೊಳ್ಳಬಹುದೆಂದು ಅತ್ತೆ ಬಾಗಿಲವರೆಗೂ ಹೋಗಿ ಹೇಳಿದಳು. ಅವರು ಹಾಕಲಿಲ್ಲ, ಕಾರು ಹತ್ತಿ ಹೋದರು.

ಇಷ್ಟೊಂದು ಕಾನೂನು ಇವಳಿಗೆಲ್ಲಿಂದ ಬಂತು ಅಂತೀರಾ? ಸೋತು ಸೋತು ಬಂತು. ಅತ್ತೆ ಚಿಕ್ಕದೊಂದು ಖಾನಾವಳಿ ನಡೆಸುತ್ತಾಳೆ. ನಮ್ಮ ಮನೆತನದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವಳೇ, ಅದೂ ಧಾರವಾಡದ ಒಂದು ಸರಕಾರಿ ಹಾಸ್ಟೆಲಿನಲ್ಲಿದ್ದುಕೊಂಡು. ಆಗಿನ ಗುತ್ತಿಗೆದಾರ ಬೆಳಿಗ್ಗೆ ಬಡಿದ ರೊಟ್ಟಿಯನ್ನು ರಾತ್ರಿ ಊಟಕ್ಕೆ ಕಳಿಸುತ್ತಿದ್ದನಂತೆ. ಅತ್ತ ಕಡಕ್ಕೂ ಅಲ್ಲ, ಇತ್ತ ಮೆತ್ತಗೂ ಅಲ್ಲ, ಥೇಟು ಚಪ್ಪಲಿಯ ತೊಗಲು! ಹಸಿದ ಹುಡುಗಿಯರು ಅದನ್ನೇ ಜಗ್ಗಿ ಜಗ್ಗಿ ತಿನ್ನುತ್ತಿದ್ದರು. ಅಂದಿನಿಂದ ಅತ್ತೆಗೆ ಜೀವನದಲ್ಲಿ ಒಂದೇ ಹಂಬಲ. ಅದೇ ಹಾಸ್ಟೆಲಿನ ಹುಡುಗಿಯರಿಗೆ ತನ್ನ ಕೈಯಾರೆ ಬಿಸಿ ರೊಟ್ಟಿ ಬಡಿಸಬೇಕು.

ರೊಟ್ಟಿಯ ಗುತ್ತಿಗೆಗೆ ಅವಳು ವರ್ಷ ವರ್ಷವೂ ಲಕೋಟೆ ಹಾಕುತ್ತಿದ್ದಳು, ಸೋಲುತ್ತಿದ್ದಳು, ಅಪೀಲು ಮಾಡುತ್ತಿದ್ದಳು. ಒಮ್ಮೆ ಗೆದ್ದವನ ಲಕೋಟೆ ವೇಳೆ ಮುಗಿದ ಮೇಲೆ ಬಂದಿತ್ತು. ವಿಚಾರಣೆಯಲ್ಲಿ ಸಾಹೇಬರು, "ಕಚೇರಿ ಗಡಿಯಾರ ಸ್ವಲ್ಪ ಮುಂದ ಓಡ್ತೈತಿ ಬಾಯಾರ" ಎಂದರು.

"ಹಂಗಾದ್ರ ಪಗಾರಾನೂ ತಾರೀಖಿಗಿಂತ ಮುಂಚೇನ ತಗೋತೀರೇನ್ರಿ?" ಎಂದಳು ಅತ್ತೆ.

ಅಪೀಲು ವಜಾ! ಆದರೆ ಅವಳ ಹೆಸರು ಮಾತ್ರ ಕಚೇರಿಯಲ್ಲೆಲ್ಲ ಹಬ್ಬಿತು. ಅವಳು ಬರುವುದನ್ನು ಕಂಡರೆ ಗುಮಾಸ್ತರು ಎದ್ದು ಫ್ಯಾನು ಜೋರು ಮಾಡುತ್ತಿದ್ದರು.

ಹೋದ ಸಲ, ಏನಾಶ್ಚರ್ಯ, ಅತ್ತೆ ಗೆದ್ದಳು! ಓಣಿಗೆಲ್ಲ ಹೋಳಿಗೆ ಹಂಚಿದಳು. ರೊಟ್ಟಿ ಸುಡಲು ದೊಡ್ಡ ದೊಡ್ಡ ಹೊಸ ಹಂಚು ತಂದಳು. ಕಸ ಹೊಡೆಯುವಾಗಲೂ ಹಾಡುತ್ತಿದ್ದಳು, ರಾಗ ಮಾತ್ರ ಕೇಳಬೇಡಿ.

ಅದೇ ವಾರ ಹಳೇ ಹುಬ್ಬಳ್ಳಿಯಿಂದ ಒಬ್ಬ ಬಂದ. ಗಂಡ ಹೆಂಡತಿ ಕೂಡಿ ರೊಟ್ಟಿ ಬಡಿದು ಮಾರುವವರು. ಇದೇ ಟೆಂಡರಿನಲ್ಲಿ ಸೋತವನು. ಬಾಗಿಲಲ್ಲಿ ನಿಂತು ಕೈಮುಗಿದ.

"ಅಕ್ಕಾರ, ನಿಮ್ಮ ಮ್ಯಾಲೆ ಅಪೀಲ್ ಹಾಕ್ಬೇಕಾಗೈತ್ರಿ. ಹೆಂಗ ಬರೀಬೇಕಂತ ಗೊತ್ತಿಲ್ರಿ. ಯಾರನ್ನ ಕೇಳಿದ್ರೂ ನಿಮ್ಮ ಹೆಸರನ ಹೇಳಾಕತ್ತಾರ!"

ನಾನು ಬಾಯಿ ತೆರೆದವನು ಮುಚ್ಚಲಿಲ್ಲ. ಅತ್ತೆಯೋ, "ಬರ್ರಿ, ಕುಂದರ್ರಿ. ಮೊದಲ ಚಹಾ ಕುಡೀರಿ" ಎಂದಳು.

"ಟೆಂಡರಿನ ಒಂದ ಹಾಳಿಗೆ ಸಹಿ ಹಾಕೂದ ಬಿಟ್ಟಿದ್ನಿರಿ. ಅಷ್ಟಕ್ಕ ನನ್ನ ದರದ ಲಕೋಟಿ ಒಡೀದನ ಹೊರಗ ಹಾಕಿದ್ರು" ಎಂದ ಅವನು.

ಅತ್ತೆಯ ಮುಖ ಇಳಿಯಿತು. ಯಾಕೆಂದರೆ ಅವಳೂ ಒಂದು ಹಾಳೆಗೆ ಸಹಿ ಬಿಟ್ಟಿದ್ದಳು! ಇವಳ ಅಪೀಲಿನ ಭಯಕ್ಕೆ ಗುಮಾಸ್ತ ಫೋನು ಮಾಡಿ, "ಬಂದ ಸಹಿ ಹಾಕಿ ಹೋಗ್ರಿ" ಎಂದಿದ್ದ. ಎಲ್ಲರನ್ನೂ ಹೀಗೆಯೇ ಕರೆದಿರಬೇಕೆಂದುಕೊಂಡು ಅವಳು ಹೋಗಿ ಹಾಕಿ ಬಂದಿದ್ದಳು. ಈ ಸಂಗತಿ ಅವಳಿಗೆ, ಆ ಗುಮಾಸ್ತನಿಗೆ, ಸ್ಕೂಟರಿನಲ್ಲಿ ಕರೆದೊಯ್ದ ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ನಾನು ಕೆಮ್ಮಿದೆ, ಕಣ್ಣು ಹೊಡೆದೆ, ಕೊನೆಗೆ ಅಡುಗೆಮನೆಗೆ ಎಳೆದೊಯ್ದು ಹೇಳಿದೆ: "ಅತ್ತಿ, ಸುಮ್ನಿರು. ಇಷ್ಟ ವರ್ಷ ಹಂಬಲಿಸಿದ್ದು ಈಗ ಕೈಗೆ ಬಂದೈತಿ."

"ಅವಂಗ ಫೋನ ಬರಲಿಲ್ಲಲ್ಲೋ."

"ಅದು ನಿನ್ನ ತಪ್ಪಲ್ಲ."

"ತಪ್ಪಲ್ಲ, ಖರೇ. ಆದ್ರ ಈಗ ಗೊತ್ತಾತಲ್ಲ!"

ಹೊರಗೆ ಬಂದು ಬರೆಯಲು ಕುಳಿತಳು, ತನ್ನ ಮೇಲೆ ತಾನೇ! ಗೆದ್ದವಳೂ ಸಹಿ ಬಿಟ್ಟಿದ್ದಳು, ಅವಳನ್ನಷ್ಟೇ ಕರೆದು ಹಾಕಿಸಿಕೊಂಡರು ಎಂಬುದೇ ಮೊದಲ ಕಾರಣ. ಓದಿ ಹೇಳಿದಾಗ ಆ ಮನುಷ್ಯ ಬೆವೆತುಹೋದ. "ಇಷ್ಟ ಜೋರ ಬ್ಯಾಡ್ರಿ ಅಕ್ಕಾರ" ಎಂದ.

"ಸುಮ್ನ ಕುಂದರ್ರಿ! ಮೆತ್ತಗ ಬರದ್ರ ಬಿದ್ದ ಹೋಗ್ತೈತಿ. ನಾ ಎಷ್ಟ ಸಲ ಸೋತೇನಿ, ನನಗ ಗೊತ್ತಿಲ್ಲೇನು?"

ಅತ್ತೆ ಬರೆದ ಅಪೀಲು ಜೀವಮಾನದಲ್ಲಿ ಮೊದಲ ಸಲ ಗೆದ್ದಿತು. ಅವನಿಂದಲೂ ಸಹಿ ಹಾಕಿಸಿಕೊಂಡು ಅವನ ದರದ ಲಕೋಟೆ ಒಡೆದರು. ದರ ಅತ್ತೆಯದಕ್ಕಿಂತ ಕಡಿಮೆ ಇತ್ತು. ಗುತ್ತಿಗೆ ಅವನಿಗೆ ಹೋಯಿತು. "ಸರಿ ಐತಿ" ಎಂದಷ್ಟೇ ಅಂದಳು ಅತ್ತೆ. ಅಂದಿನಿಂದ ಹಾಡು ನಿಂತಿತು. ಆ ಕೆಟ್ಟ ರಾಗವನ್ನು ಮತ್ತೊಮ್ಮೆ ಕೇಳಬೇಕೆಂದು ನನಗೆ ಎಷ್ಟು ಅನಿಸಿತೋ!

ಒಂದು ಭಾನುವಾರ, "ಧಾರವಾಡಕ್ಕ ಹೋಗಿ ಬರೂಣು ನಡಿ" ಎಂದಳು. ನಾನು ಸ್ಕೂಟರು ತೆಗೆದೆ.

ಹಾಸ್ಟೆಲಿನ ಗೇಟಿನ ಮುಂದೆ ನಿಂತಳು. ಒಳಗೆ ಹೋಗಲೊಲ್ಲಳು, ತಿರುಗಿ ಬರಲೊಲ್ಲಳು. ಅಷ್ಟರಲ್ಲಿ ತಾಟು ಹಿಡಿದ ಹುಡುಗಿಯೊಬ್ಬಳು ಅವಳನ್ನು ನೋಡಿ ಗೇಟಿಗೆ ಬಂದಳು.

"ಯಾರ ಬೇಕಾಗಿತ್ರಿ ಅಜ್ಜಿ? ಊಟ ಆತೇನ್ರಿ?"

"ಇಲ್ಲವಾ."

"ಹಂಗಾರ ಬರ್ರಿ ಒಳಗ. ಎಲ್ಲಾರೂ ಊಟಕ್ಕ ಕುಂತಾರ" ಎಂದು ಕೈಹಿಡಿದು ಕರೆದೊಯ್ದಳು.

ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಗೇಟಿನಿಂದಲೇ ನೋಡಿದೆ. ಪಡಸಾಲೆಯಲ್ಲಿ ಹುಡುಗಿಯರ ಸಾಲಿನಲ್ಲಿ ಅತ್ತೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಆ ಹುಡುಗಿ ಅವಳ ತಾಟಿಗೆ ರೊಟ್ಟಿ ಹಾಕಿದಳು. ಅತ್ತೆ ತಲೆ ಎತ್ತದೆ ಉಂಡಳು.

ಹೊರಗೆ ಬಂದಾಗ ಕೇಳಿದೆ, "ಹೆಂಗಿತ್ತು ಅತ್ತಿ?"

"ಛಲೋ ಮಾಡ್ಯಾನೋ. ರೊಟ್ಟಿ ಬಿಸಿ ಇದ್ವು. ಹುಡುಗ್ಯಾರು ಹೊಟ್ಟಿ ತುಂಬ ಉಂಡ್ರು" ಎಂದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಕಣ್ಣೂ ಒರೆಸಿಕೊಂಡಳು.

"ಒಂದ ದಿನರ ನಾ ಬಡಸಬೇಕಿತ್ತೋ, ತಮ್ಮಾ. ಒಂದ ದಿನರ..."

ನನ್ನ ಭುಜ ಹಿಡಿದು ಸ್ಕೂಟರಿನ ಹಿಂದೆ ಕುಳಿತವಳು ನವಲೂರು ದಾಟುವವರೆಗೂ ಅಳುತ್ತಿದ್ದಳು. ನಾನು ಹಿಂತಿರುಗಿ ನೋಡಲಿಲ್ಲ, ಗಾಡಿಯನ್ನು ಮೆಲ್ಲಗೆ ಓಡಿಸಿದೆ.