ನಾಲ್ಕು ಸೀಟಿನ ಡೇಟಾಬೇಸು

ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಜನರ ಕೈಗೆ ಕಂಪ್ಯೂಟರ್ ಕೊಟ್ಟರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ತೆಲುಗು ಸೀಮೆಯ ಜೀಡಿಮೆಟ್ಲಾದ ಆ ಔಷಧಿ ಕಾರ್ಖಾನೆಯ ಆಫೀಸನ್ನು ನೋಡಬೇಕು. ಮಾಲೀಕರು ಕಲಬುರಗಿ ಕಡೆಯವರಾದ್ದರಿಂದ ಅಲ್ಲಿ ಅರ್ಧ ಮಂದಿ ಕನ್ನಡಿಗರೇ. ದಾಸ್ತಾನು, ಗೇಟ್ ಪಾಸು, ಹಾಜರಿ, ರಜೆ ಎಲ್ಲವೂ ಒಂದೇ ಡೇಟಾಬೇಸಿನಲ್ಲಿ. ಆದರೆ ಮಾಲೀಕರು ಕೈ ಬಿಗಿಹಿಡಿದು ನಾಲ್ಕೇ ಜನರ ಲೈಸೆನ್ಸ್ ತೆಗೆದುಕೊಂಡಿದ್ದರು. ಒಂದು ಸಲಕ್ಕೆ ನಾಲ್ವರು ಒಳಗೆ. ಐದನೆಯವರು ಬಂದರೆ 'ಸೀಟು ಖಾಲಿ ಇಲ್ಲ' ಎಂಬ ಕೆಂಪು ಅಕ್ಷರ. ಹೀಗಾಗಿ ಬೆಳಗ್ಗೆ ಮೊದಲು ಬಂದ ನಾಲ್ವರು ಅದನ್ನು ತೆರೆದರೆ, ಕೆಲಸವಿರಲಿ ಬಿಡಲಿ, ಸಂಜೆಯ ತನಕ ಮುಚ್ಚುತ್ತಿರಲಿಲ್ಲ.

ಮಾಲು ಕಳಿಸುವ ವಿಭಾಗದ ಸೂರ್ಯಕಾಂತನಿಗೆ ಈ ಪದ್ಧತಿ ಕಂಡರೆ ಮೈ ಉರಿ. ಆ ಬುಧವಾರ ಅವನ ಬಸ್ಸು ಬಾಲಾನಗರದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಹದಿನೈದು ನಿಮಿಷ ತಡವಾಗಿ ಬಂದು ನೋಡಿದರೆ ಕೆಂಪು ಅಕ್ಷರ.

ಬೇರೆ ದಿನವಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದ. ಆದರೆ ಶುಕ್ರವಾರ ಕಲಬುರಗಿಯಲ್ಲಿ ಅವನ ಮೊದಲ ಮಗಳಿಗೆ ಹೆಸರಿಡುವ ತೊಟ್ಟಿಲ ಕಾರ್ಯ. ಮಗಳನ್ನು ಅವನಿನ್ನೂ ಫೋನಿನಲ್ಲಷ್ಟೇ ನೋಡಿದ್ದ. ಅತ್ತೆ ಸೂಗಮ್ಮ ಮುಹೂರ್ತ ತಿಳಿಸಿದ್ದೇ ಹಿಂದಿನ ರಾತ್ರಿ. ಗುರುವಾರದಿಂದ ತಪಾಸಣೆಯವರು ಬರುವುದರಿಂದ ಕಂಪ್ಯೂಟರಿನಲ್ಲಿ ರಜೆಯ ಪುಟ ಇವತ್ತು ನಾಲ್ಕು ಗಂಟೆಗೆ ಮುಚ್ಚಿಹೋಗುತ್ತದೆ. ಅಷ್ಟರೊಳಗೆ ಅವನು ಅರ್ಜಿ ಹಾಕಬೇಕು, ಮ್ಯಾನೇಜರ್ ಹನುಮಂತರಾಯರು ಅದೇ ಡೇಟಾಬೇಸಿನಲ್ಲಿ ಒಪ್ಪಿಗೆ ಒತ್ತಬೇಕು.

"ಬರ್ರಿ ಅಳಿಯಂದ್ರ," ಎಂದಿದ್ದರು ಸೂಗಮ್ಮ. "ಬರಾಕ ಆಗಲಿಲ್ಲಂದ್ರ ಹೆಸರಿನ ಚಿಂತಿ ಮಾಡಬ್ಯಾಡ್ರಿ. ನಂದೊಂದು ಹೆಸರು ಐತಲ್ಲ, ಅದನ್ನ ಇಡ್ತೀವಿ."

ಸೂರ್ಯಕಾಂತ ಹೆಣ್ಣಾದರೆ ಮಾನಸಾ ಎಂದು ಹೆಸರು ಆರಿಸಿ ಮೂರು ತಿಂಗಳಾಗಿತ್ತು. ಹೆಂಡತಿ ವಿಜಯಶ್ರೀಗೂ ಅದು ಇಷ್ಟವೇ, ಆದರೆ ತಾಯಿಯ ಎದುರು ಅವಳ ಬಾಯಿಗೆ ಬೀಗ. ತಾನಿಲ್ಲದಿದ್ದರೆ ಮಗಳು ಸೂಗಮ್ಮನಾಗುವುದು ಗ್ಯಾರಂಟಿ ಎಂದು ಅವನಿಗೆ ಗೊತ್ತಿತ್ತು.

ಮೊದಲು ಸಾಫ್ಟ್‌ವೇರ್ ಹಾಕಿಕೊಟ್ಟ ಅಮೀರ್‌ಪೇಟ್‌ನ ಸೃಜನ್‌ಗೆ ಫೋನ್ ಮಾಡಿದ.

"ಏಂ ಪ್ರಾಬ್ಲಂ ಲೇದು ಅಣ್ಣಾ," ಎಂದ ಸೃಜನ್ ತನ್ನ ತೆಲುಗು ಬೆರೆತ ಕನ್ನಡದಲ್ಲಿ. "ಒಬ್ಬರು ಹೊರಗೆ ಬಂದ್ರೆ ಒಬ್ಬರು ಒಳಗೆ. ಅಷ್ಟೇ."

"ಯಾರೂ ಹೊರಗ ಬರೂದಿಲ್ಲಲ್ಲೋ, ಅದ ಪ್ರಾಬ್ಲಂ!"

"ಅದು ಸಾಫ್ಟ್‌ವೇರ್ ಪ್ರಾಬ್ಲಂ ಅಲ್ಲ ಅಣ್ಣಾ," ಎಂದು ಅವನು ಫೋನಿಟ್ಟ.

ಅವತ್ತು ಸೀಟು ಹಿಡಿದಿದ್ದ ನಾಲ್ವರಲ್ಲಿ ಸೂರ್ಯಕಾಂತ ಮೊದಲು ಸ್ಟೋರ್ಸಿನ ಗುರುಶಾಂತನ ಬಳಿ ಹೋದ. ಗುರುಶಾಂತ ಡೇಟಾಬೇಸು ತೆರೆದಿಟ್ಟು ಪೇಪರ್ ಓದುತ್ತಿದ್ದ.

"ಬಿಡ್ತೀನೋ ತಮ್ಮಾ. ಆದ್ರ ನನಗ ಮೊಣಕಾಲು ನೋವು. ಗೋದಾಮಿನ್ಯಾಗ ಡ್ರಮ್ ಎಷ್ಟದಾವ ಒಂಚೂರು ಎಣಿಸಿಕೊಂಡು ಬಾ."

ಸೂರ್ಯಕಾಂತ ಸೀನುತ್ತ, ಕೆಮ್ಮುತ್ತ ಇನ್ನೂರ ಹನ್ನೆರಡು ಡ್ರಮ್ ಎಣಿಸಿ, ತಲೆಯಿಂದ ಕಾಲಿನವರೆಗೆ ಬಿಳಿ ಪುಡಿ ಬಳಿದುಕೊಂಡು ಬಂದು ಚೀಟಿ ಕೊಟ್ಟ. ಗುರುಶಾಂತ ಅದನ್ನು ಕಣ್ಣಿಗೊತ್ತಿಕೊಂಡ.

"ಭಾಳ ಉಪಕಾರ ಆತು. ಈಗ ಇದನ್ನ ಏರಿಸಬೇಕಲ್ಲ, ಅದಕ್ಕ ಸೀಟು ಬೇಕಲ್ಲೋ!"

ಹಾಜರಿ ನೋಡಿಕೊಳ್ಳುವ ಉಮಾಬಾಯಿ ಊಟದ ಡಬ್ಬಿ ಬಿಚ್ಚಿದ್ದರು. ಅವರು ಅವನಿಗೆ ರೊಟ್ಟಿ ಕೊಟ್ಟರು, ಶೇಂಗಾ ಚಟ್ನಿ ಕೊಟ್ಟರು, ಕೂಸಿಗೆ ಹೊಟ್ಟೆನೋವು ಬಂದರೆ ಏನು ಹಚ್ಚಬೇಕೆಂಬ ಸಲಹೆಯನ್ನೂ ಕೊಟ್ಟರು. ಸೀಟು ಮಾತ್ರ ಕೊಡಲಿಲ್ಲ.

"ಹೋದ ತಿಂಗಳ ಪಾಪ ಅಂತ ಒಬ್ಬರಿಗೆ ಬಿಟ್ಟು ಕೊಟ್ಟಿದ್ದೆ ನೋಡಪಾ. ಮೂರು ದಿನ ಒಳಗ ಹೋಗಾಕ ಆಗಲಿಲ್ಲ."

ಮೂರನೆಯ ಸೀಟು ಶ್ರೀವಿದ್ಯಾಳದು. ಅವಳು ತಪಾಸಣೆಯವರನ್ನು ಕರೆತರಲು ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ಹೋಗಿದ್ದಳು. ಡೇಟಾಬೇಸು ತೆರೆದೇ ಇತ್ತು, ಕಂಪ್ಯೂಟರಿಗೆ ಪಾಸ್‌ವರ್ಡಿನ ಬೀಗ. ಸಾಲದ್ದಕ್ಕೆ ಕುರ್ಚಿಯ ಮೇಲೆ ದುಪಟ್ಟಾ ಬೇರೆ ಹಾಸಿ ಹೋಗಿದ್ದಳು.

ಉಳಿದವರು ಗೇಟಿನ ಅಮರೇಶಪ್ಪ. ಸೂರ್ಯಕಾಂತ ಅಲ್ಲಿಗೆ ಓಡಿದಾಗ ಮೂರೂಕಾಲು.

"ನಂದು ಆವಾಗ್ಲೇ ಬಂದ್ ಮಾಡೀನಲ್ರಿ!" ಎಂದರು ಅಮರೇಶಪ್ಪ. "ಮಧ್ಯಾಹ್ನದಿಂದ ಒಂದು ಲಾರಿನೂ ಬಂದಿಲ್ಲ."

ನೋಡಿದರೆ ಪರದೆ ಕಪ್ಪಗಿತ್ತು. ಆ ಸೀಟನ್ನೂ ಬೇರೆ ಯಾರೋ ಹಿಡಿದಿರಬೇಕೆಂದು ಸೂರ್ಯಕಾಂತನಿಗೆ ಅಳು ಬರುವುದೊಂದು ಬಾಕಿ. ಏನೋ ಅನುಮಾನ ಬಂದು ಪರದೆಯ ಗುಂಡಿ ಒತ್ತಿದ. ಡೇಟಾಬೇಸು ಒಳಗೆ ಆರಾಮಾಗಿ ಕೂತಿತ್ತು. ಎರಡು ವರ್ಷದಿಂದ ಅಮರೇಶಪ್ಪ ಟಿವಿ ಆರಿಸಿದಂತೆ ಬರೀ ಪರದೆ ಆರಿಸಿ ಮನೆಗೆ ಹೋಗುತ್ತಿದ್ದರು.

ಸೂರ್ಯಕಾಂತ ಅದನ್ನು ಸರಿಯಾಗಿ ಮುಚ್ಚಿ, ತನ್ನ ಮೇಜಿಗೆ ಓಡಿ, ಬೇರೆಯವರು ನುಗ್ಗುವ ಮೊದಲೇ ಒಳಗೆ ನುಗ್ಗಿದ. ಮೂರೂವರೆಗೆ ಅರ್ಜಿ ಹೋಯಿತು. 'ಮ್ಯಾನೇಜರ್ ಒಪ್ಪಿಗೆಗೆ ಬಾಕಿ' ಎಂದು ಹಳದಿ ಅಕ್ಷರ ಮೂಡಿತು. ಆ ಹಳದಿಯೂ ಅವನ ಕಣ್ಣಿಗೆ ಆಗ ಬಂಗಾರವಾಗಿ ಕಂಡಿತು.

"ಕೆಲಸ ಆತಲ್ಲೋ, ಇನ್ನ ಬಂದ್ ಮಾಡು," ಎಂದ ಗುರುಶಾಂತ.

"ಹಸಿರು ಆಗೂ ತನಕ ನಾ ಬಂದ್ ಮಾಡಂಗಿಲ್ಲ! ಇಷ್ಟು ಒದ್ದಾಡಿ ಹಿಡದ ಸೀಟು, ಸುಮ್ಮನ ಬಿಡ್ತಾರೇನು?"

ಕಾಲು ಗಂಟೆಯಾದರೂ ಅಕ್ಷರ ಹಳದಿಯೇ. ಸೂರ್ಯಕಾಂತ ಕೀಬೋರ್ಡಿನ ಮೇಲೆ ತನ್ನ ಕರ್ಚೀಫು ಹಾಸಿ, ಮಹಡಿ ಹತ್ತಿ ಮ್ಯಾನೇಜರ್ ಕೋಣೆಗೆ ಹೋದ. ಹನುಮಂತರಾಯರು ಮೈಸೂರು ಕಡೆಯವರು, ಸಿಟ್ಟು ಕಡಿಮೆ. ಅವತ್ತು ಮಾತ್ರ ಮುಖ ಕೆಂಪಾಗಿತ್ತು.

"ಏನ್ರೀ ಇದು ಸೂರ್ಯಕಾಂತ? ನಿಮ್ಮ ರಜೆಗೆ ಒಪ್ಪಿಗೆ ಕೊಡೋಣ ಅಂತ ಆಗಿನಿಂದ ಒದ್ದಾಡ್ತಿದ್ದೀನಿ. ಸೀಟೇ ಖಾಲಿ ಇಲ್ಲ ಅಂತಿದೆ!"

"ಅಯ್ಯ ಸರ್, ಈ ಮಂದಿಗೆ ನಾಚಿಕಿ ಅನ್ನೂದ ಇಲ್ರಿ!" ಸೂರ್ಯಕಾಂತ ಮೇಜಿನ ಹತ್ತಿರ ಸರಿದ. "ಮಾಡೂದು ಏನಿಲ್ಲ, ಸೀಟು ಬಿಡಂಗಿಲ್ಲ. ಮಂದೀ ಕಷ್ಟ ತಿಳೀದಿಲ್ರಿ ಇವ್ರಿಗೆ. ಇವರನ್ನ ಬಿಡಬ್ಯಾಡ್ರಿ ನೀವು."

"ಬಿಡ್ತೀನಾ? ತಡೀರಿ."

ಹನುಮಂತರಾಯರು ಸೃಜನ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಗಲಾಟೆ ಕೇಳಿ ಗುರುಶಾಂತ, ಉಮಾಬಾಯಿ ಇಬ್ಬರೂ ಬಾಗಿಲಿಗೆ ಬಂದು ನಿಂತರು.

"ಒಳಗೆ ಯಾರ‍್ಯಾರು ಇದ್ದಾರೆ ಓದಪ್ಪಾ. ಕೆಲಸ ಮಾಡದೆ ಸುಮ್ಮನೆ ಕೂತಿರೋರು ಯಾರು ಹೇಳು."

"ಗುರುಶಾಂತ್ ಗಾರು, ಈಗಷ್ಟೇ ಡ್ರಮ್ ಲೆಕ್ಕ ಹಾಕಿದ್ರು ಸರ್. ಉಮಾಬಾಯಿ ಗಾರು, ಹಾಜರಿ ನಡೀತಾ ಇದೆ. ಶ್ರೀವಿದ್ಯಾ ಗಾರು ಅದೇ ಸೀಟಲ್ಲಿ ಫೋನಿಂದ ತಪಾಸಣೆ ಪಟ್ಟಿ ನೋಡ್ತಿದ್ದಾರೆ. ನಾಲ್ಕನೇದು... ಸೂರ್ಯಕಾಂತ್ ಅಣ್ಣ. ಅರ್ಧ ಗಂಟೆಯಿಂದ ಒಂದು ಕೀ ಕೂಡ ಒತ್ತಿಲ್ಲ ಸರ್."

ಗುರುಶಾಂತ ಕೆಮ್ಮಿದ. ಗಡಿಯಾರದಲ್ಲಿ ಮೂರು ಐವತ್ತೇಳು.

ಸೂರ್ಯಕಾಂತ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದ. ಕಂಪ್ಯೂಟರು ತಾನಾಗಿಯೇ ಬೀಗ ಹಾಕಿಕೊಂಡಿತ್ತು. ಕರ್ಚೀಫು ಕಿತ್ತೆಸೆದು ಪಾಸ್‌ವರ್ಡ್ ಒತ್ತಿದ, ತಪ್ಪು. ಮತ್ತೆ ಒತ್ತಿದ, ಮತ್ತೆ ತಪ್ಪು. ಮೂರನೆಯ ಸಲ ಬೀಗ ತೆರೆಯಿತು. ಡೇಟಾಬೇಸು ಮುಚ್ಚಿದ.

"ಒಳಗೆ ಬಂದೆ ಕಣ್ರೀ!" ಮೇಲಿನಿಂದ ಹನುಮಂತರಾಯರ ಕೂಗು ಕೇಳಿತು. "ಅಯ್ಯೋ... ರಜೆ ಪುಟ ಮುಚ್ಚಿ ಹೋಗಿದೆಯಲ್ರೀ."

ಗೋಡೆ ಗಡಿಯಾರ ನಾಲ್ಕು ದಾಟಿ ಒಂದು ನಿಮಿಷ ತೋರಿಸುತ್ತಿತ್ತು. ಅದೇ ಹೊತ್ತಿಗೆ ಅವನ ಫೋನ್ ಬಡಿದುಕೊಂಡಿತು.

"ಹೊಂಟೀರೇನ್ರಿ ಅಳಿಯಂದ್ರ?" ಸೂಗಮ್ಮನ ದನಿ. ಹಿಂದೆ ಮಗು ಕಿರುಚಿ ಅಳುತ್ತಿತ್ತು.

"ಅತ್ತಿ... ರಜಾ ಸಿಗಲಿಲ್ರಿ," ಎಂದ ಸೂರ್ಯಕಾಂತ.

"ಹೌದೇನು? ಅಯ್ಯ ಪಾಪ." ಅವರ ದನಿಯಲ್ಲಿ ಪಾಪವೇನೂ ಇರಲಿಲ್ಲ. ಅವರು ತೊಟ್ಟಿಲ ಕಡೆ ತಿರುಗಿದ್ದು ಫೋನಿನಲ್ಲೇ ಗೊತ್ತಾಯಿತು. "ಏ ಸೂಗಮ್ಮಾ, ಅಳಬ್ಯಾಡ ನನ್ನವ್ವಾ."

ಮಗು ತಟ್ಟನೆ ಅಳು ನಿಲ್ಲಿಸಿತು.