ನಾನು, ನಲ್ಲಿ ಮತ್ತು ಡಿಜರಿಡೂ

ಒಂದೇ ಕೆಲಸ ಬಲ್ಲವನಿಗೆ ಹತ್ತು ಕೆಲಸ ಬಲ್ಲವನನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ. ಅದನ್ನು ಮೆಚ್ಚುಗೆ ಎಂದು ಕರೆಯುವುದು ಸಭ್ಯತೆ. ನಾನು ಬಲ್ಲ ಕೆಲಸವೆಂದರೆ ಪತ್ರಿಕಾ ಕಚೇರಿಯಲ್ಲಿ ಕುಳಿತು ಬೇರೆಯವರ ಉದ್ದನೆಯ ವಾಕ್ಯಗಳನ್ನು ಕತ್ತರಿಸಿ ಪೂರ್ಣವಿರಾಮ ಹಾಕುವುದು. ಇದನ್ನು ವೇದಿಕೆಯ ಮೇಲೆ ಮಾಡಿ ತೋರಿಸಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಎಂಬತ್ತರ ದಶಕದ ಆರಂಭ. ನಾಗಸಂದ್ರದಲ್ಲಿ ಮುನಿಯಮ್ಮನವರ ವಠಾರದಲ್ಲಿ ನಮ್ಮ ಬಿಡಾರ. ವರದಿಗಾರನೊಬ್ಬ ರಜೆ ಹಾಕಿದ್ದರಿಂದ ಪೀಣ್ಯದ ಕಾರ್ಖಾನೆಯೊಂದರ ರಾಜ್ಯೋತ್ಸವಕ್ಕೆ ನಾನೇ ಹೋಗಬೇಕಾಯಿತು. ಅಲ್ಲಿ ಮಾಸ್ಟರ್ ಶ್ರೀಕಂಠ ಎಂಬ ಕಲಾವಿದ ಹಾಡಿದ, ಕುಣಿದ, ಮ್ಯಾನೇಜರರ ಚಿತ್ರವನ್ನು ತಲೆಕೆಳಗಾಗಿ ಬರೆದ, ಟೋಪಿಯಿಂದ ಪಾರಿವಾಳ ತೆಗೆದ. ಕೊನೆಗೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ವಾದ್ಯವೆಂದು ಆಳುದ್ದದ ಟೊಳ್ಳು ಮರದ ಕೊಳವೆ ತಂದು ಊದಿದ. ಅದೇ ಡಿಜರಿಡೂ. ನೆಲದಡಿಯಿಂದ ಬಂದಂಥ ದನಿ, ನಿಲ್ಲುವುದೇ ಇಲ್ಲ! ವರದಿ ಬರೆಯುವುದು ಮರೆತು ವೇದಿಕೆಯ ಹಿಂದೆ ಓಡಿದೆ.

"ಕೆನ್ನೇಲಿ ಗಾಳಿ ಇಟ್ಕೊಂಡು ಊದ್ತಾನೇ ಮೂಗಲ್ಲಿ ಉಸಿರೆಳ್ಕೋಬೇಕು ಸಾರ್. ಎಲ್ಲೂ ನಿಲ್ಲಿಸಬಾರದು," ಎಂದ ಆತ ಬೆವರೊರೆಸಿಕೊಳ್ಳುತ್ತ.

ಜೀವಮಾನವೆಲ್ಲ ಪೂರ್ಣವಿರಾಮ ಹಾಕಿದವನಿಗೆ ಎಂಥ ಉಪದೇಶ! ಅಂದಿನಿಂದ ನನಗೆ ಕುಂತಲ್ಲಿ ನಿಂತಲ್ಲಿ ನೆಮ್ಮದಿಯಿಲ್ಲ. ಪೈಪು ಕಾರ್ಖಾನೆಯಲ್ಲಿದ್ದ ಪಕ್ಕದ ಮನೆಯ ಶಿವಣ್ಣ ಸೊಟ್ಟಗಾಗಿದ್ದಕ್ಕೆ ಬಿಸಾಕಿದ್ದ ಪ್ಲಾಸ್ಟಿಕ್ ಪೈಪೊಂದನ್ನು ತಂದುಕೊಟ್ಟ. ಬಸ್ಸಿನಲ್ಲಿ ಕೆನ್ನೆ ಉಬ್ಬಿಸಿಕೊಂಡು ಮೂಗಿನಲ್ಲಿ ಉಸಿರೆಳೆಯುತ್ತಿದ್ದೆ. ಪಕ್ಕದವರು ಎದ್ದು ಬೇರೆ ಕಡೆ ಕೂರುತ್ತಿದ್ದರು. ಗಣೇಶನ ಹಬ್ಬದಲ್ಲಿ ನುಡಿಸುತ್ತೇನೆಂದು ವಠಾರದವರಿಗೆ ಮಾತನ್ನೂ ಕೊಟ್ಟುಬಿಟ್ಟೆ.

ಹಬ್ಬ ಹತ್ತಿರವಾದಾಗ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ದನಿ ಕೂಡಿಬಂತು. ಗೊರ್ರ್... ಆನಂದದಿಂದ ಕಣ್ಣು ಮುಚ್ಚಿ ಊದಿದೆ. ಕಣ್ಣು ಬಿಟ್ಟರೆ ಅಂಗಳದಲ್ಲಿ ಬಿಂದಿಗೆ, ಬಕೀಟು ಹಿಡಿದು ವಠಾರವೇ ಸಾಲುಗಟ್ಟಿತ್ತು. ನಮ್ಮ ವಠಾರಕ್ಕೆಲ್ಲ ಇದ್ದದ್ದು ಒಂದೇ ನಲ್ಲಿ. ನೀರು ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿರಲಿಲ್ಲವಾದ್ದರಿಂದ ಅದನ್ನು ತೆರೆದೇ ಇಡುತ್ತಿದ್ದರು. ನೀರಿಗೆ ಮುಂಚೆ ಗಾಳಿ ಬಂದು ಅದು ಹೀಗೆಯೇ ಗೊರಗುಟ್ಟುತ್ತಿತ್ತು.

"ಏನ್ ಸಾಮಿ ಇದು, ಒಲೆ ಮ್ಯಾಲಿನ ಸಾರು ಬಿಟ್ಟು ಓಡ್ಬಂದೆ!" ಮುನಿಯಮ್ಮನವರು ಬಿಂದಿಗೆಯನ್ನು ಕುಕ್ಕಿದರು. "ಅಬ್ಬದ ತಂಕ ಅದ್ನ ಬಾಯಿಗಿಕ್ಕಂಗಿಲ್ಲ. ಅವತ್ತು ಜನ ಮೆಚ್ಚಿದ್ರೆ ಮಡೀಕಳಿ. ಇಲ್ಲಾಂದ್ರೆ ನಮ್ ಬಚ್ಚಲ ನೀರು ಇತ್ಲಿಗೆ ಬಿಡಾಕೆ ಆಯ್ತದೆ."

"ಸಾರ್, ನೀವು ಊದೋ ಬದ್ಲು ನೀರೇ ಬಿಟ್ಬಿಡಿ," ಎಂದ ಶಿವಣ್ಣ. ಹೆಂಡತಿ ಸರೋಜ ಮಾತ್ರ ಬಿಂದಿಗೆ ತಂದಿರಲಿಲ್ಲ. ನಲ್ಲಿಯ ದನಿ, ನನ್ನ ದನಿ ಎರಡನ್ನೂ ಅವಳು ಅಡುಗೆಮನೆಯಿಂದ ದಿನವೂ ಕೇಳಿದ್ದಳು.

ಹಬ್ಬದ ಸಂಜೆ ನಲ್ಲಿಯ ಕಟ್ಟೆಯ ಮುಂದೆ ಹಲಗೆ ಹಾಕಿ, ಹಿಂದೆ ಸೀರೆ ಕಟ್ಟಿ ವೇದಿಕೆ ಮಾಡಿದರು. ಪೈಪಿನ ಭವಿಷ್ಯ ನನ್ನ ಶ್ವಾಸಕೋಶದ ಮೇಲೆ ನಿಂತಿತ್ತು. ಊದಿದೆ. ಚೆನ್ನಾಗಿಯೇ ಸಾಗಿತು. ಆಮೇಲೆ ಮೂಗು ಕೈಕೊಟ್ಟಿತು, ಕೆನ್ನೆ ಬತ್ತಿತು, ಕಣ್ಣು ಕತ್ತಲಿಟ್ಟಿತು. ಸೋತು ಪೈಪನ್ನು ಬಾಯಿಂದ ತೆಗೆದೆ.

ದನಿ ನಿಲ್ಲಲಿಲ್ಲ. ಗೊರ್ರ್...

ಜನ ಒಂದು ಕ್ಷಣ ಬೆರಗಾದರು. "ಬಾಯಿಂದ ತೆಗೆದ್ರೂ ಬರ್ತಿದೆ ಕಣ್ರೀ! ಸಕ್ಕತ್ ಸಾರ್!" ಎಂದು ಶಿವಣ್ಣ ಕೂಗಿದ. ಚಪ್ಪಾಳೆ, ಶಿಳ್ಳೆ. ಮುನಿಯಮ್ಮನವರೂ ತಟ್ಟಿದರು. ಖಚಿತಪಡಿಸಿಕೊಳ್ಳದೆ ಒಂದು ಸಾಲನ್ನೂ ಅಚ್ಚಿಗೆ ಕಳಿಸದ ನಾನು, ಮೂಲ ಯಾವುದೆಂದು ಚೆನ್ನಾಗಿ ಗೊತ್ತಿದ್ದೂ ಎದೆಯ ಮೇಲೆ ಕೈಯಿಟ್ಟು ಬಾಗಿದೆ. ಮತ್ತೊಮ್ಮೆ ಬಾಗಿದೆ. ಮುಂದಿನ ಸಾಲಿನಲ್ಲಿ ಸರೋಜಳ ಜಾಗ ಖಾಲಿಯಿತ್ತು.

ಜನಕ್ಕೆ ವಿಷಯ ತಿಳಿದು ಬಿಂದಿಗೆ ತರುವಷ್ಟರಲ್ಲಿ ನೀರು ನಿಂತುಹೋಗಿತ್ತು. ಸೀರೆಯ ಹಿಂದಿನಿಂದ ಬಂದ ಸರೋಜ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ನೀವು ಎರಡನೇ ಸಲ ಬಗ್ಗಿದ್ರಲ್ಲ, ಆಗ ಹಂಡೆ ತುಂಬ್ತು," ಎಂದಳು.

ಮರುದಿನ ವಠಾರದವರೆಲ್ಲ ತಂಬಿಗೆ ಹಿಡಿದು ನೀರು ಕೇಳಲು ನಮ್ಮ ಬಾಗಿಲಿಗೆ ಬಂದರು. ಪೈಪನ್ನು ಮುನಿಯಮ್ಮನವರು ಕೇಳಲಿಲ್ಲ. ನಾನೇ ಒಯ್ದು ಅವರ ಬಚ್ಚಲಿಗೆ ಜೋಡಿಸಿ ಬಂದೆ. ಅಲ್ಲಿ ಅದು ಈಗಲೂ ಗೊರಗುಟ್ಟುತ್ತದೆ, ನನಗಿಂತ ಚೆನ್ನಾಗಿ, ಎಲ್ಲೂ ಉಸಿರು ನಿಲ್ಲಿಸದೆ.